ಕತ್ತರಿ ನಡೆಯುವಾಗ ಮಾತಿಲ್ಲ

ಜನವರಿ ೧೧

ಪ್ರೀತಿಯ ಗೂಬೆ,

ಅಕ್ಕನ ಕಾಗದ ಬಂತು ಅಂತ ಎದೆ ಹಿಡಿದುಕೊಳ್ಳಬೇಡ. ಯಾರೂ ಸತ್ತಿಲ್ಲ, ಯಾರೂ ಓಡಿಹೋಗಿಲ್ಲ. ನಿನ್ನ ಭಾವ ಎಂದಿನಂತೆ ಬಸ್ಸು ಓಡಿಸಿಕೊಂಡು, ಎಂದಿನಂತೆ ಕೊಡೆ ಕಳೆದುಕೊಂಡು ಚೆನ್ನಾಗಿದ್ದಾರೆ. ನಾನೂ ಚೆನ್ನಾಗಿದ್ದೇನೆ, ಬಲಗೈ ಒಂದನ್ನು ಬಿಟ್ಟು. ದಿನಾ ಒಂದು ಪುಟವಾದರೂ ಕೈಯಲ್ಲಿ ಬರೆಯಬೇಕು ಅಂತ ಆಸ್ಪತ್ರೆಯಲ್ಲಿ ಹೇಳಿದ್ದಾರೆ. "ಯಾರಿಗೆ ಬರೀಲಿ?" ಅಂತ ಕೇಳಿದೆ. "ಯಾರು ಓದ್ತಾರೋ ಅವರಿಗೆ" ಅಂದರು. ನಿನ್ನ ಬೆಟ್ಟದ ತುದಿಯ ಹವಾಮಾನ ಕಚೇರಿಗೆ ಫೋನು ಹಿಡಿಯುವುದಿಲ್ಲ. ಮೋಡ ನೋಡುವುದು, ಗಾಳಿ ಅಳೆಯುವುದು ಬಿಟ್ಟರೆ ನಿನಗೆ ಬೇರೆ ಕಸುಬೂ ಇಲ್ಲ. ಹಾಗಾಗಿ ಗ್ರಹಚಾರ ನಿನ್ನ ತಲೆಗೇ ಬಂತು.

ವಿಷಯಕ್ಕೆ ಬರುತ್ತೇನೆ. ಎರಡು ವರ್ಷದ ಹಿಂದೆ ಕಣ್ಣು ಮಸುಕಾಗಿ ಮಲಗಿದ್ದಾಗ ದೊಡ್ಡ ಡಾಕ್ಟರು ಒಂದು ಉದ್ದನೆಯ ಹೆಸರು ಹೇಳಿದ್ದರಲ್ಲ, ಮಲ್ಟಿಪಲ್ ಸ್ಕ್ಲೆರೋಸಿಸ್ ಅಂತ. ಮೆದುಳಿನಿಂದ ಹೊರಡುವ ನರಗಳ ಮೇಲಿನ ಹೊದಿಕೆ ಅಲ್ಲಲ್ಲಿ ಸವೆದುಹೋಗುತ್ತೆ, ವೈರಿನ ಪ್ಲಾಸ್ಟಿಕ್ಕು ಕಿತ್ತುಹೋದ ಹಾಗೆ ಅಂದಿದ್ದರು. ಕಣ್ಣು ಸರಿಹೋಯಿತು. ಸುಸ್ತು ಉಳಿಯಿತು, ಆದರೆ ಸುಸ್ತು ಯಾರಿಗಿಲ್ಲ ಹೇಳು. ನಾವೆಲ್ಲ ಆ ಕಾಯಿಲೆಯನ್ನು ಮರೆತೇಬಿಟ್ಟಿದ್ದೆವು. ಅದು ನಮ್ಮನ್ನು ಮರೆತಿರಲಿಲ್ಲ.

ಹೋದ ತಿಂಗಳು ಮೇಷ್ಟ್ರು ನಮ್ಮ ಅಂಗಡಿಗೆ ಕಟಿಂಗಿಗೆ ಬಂದಿದ್ದರು, ನಿನಗೆ ಲೆಕ್ಕ ಕಲಿಸಿದವರೇ, ಅಪ್ಪನ ಕಾಲದ ಗಿರಾಕಿ. ನಾನು ಬೇಕರಿಯ ಕರಿ ಬೆಕ್ಕಿನ ಕಥೆ ಹೇಳುತ್ತಿದ್ದೆ. ಅದು ಹಿಟ್ಟಿನ ಚೀಲಕ್ಕೆ ಬಿದ್ದು ಬೆಳ್ಳಗಾಗಿ ಎದ್ದುಬಂತು, ಬೇಕರಿಯವನು "ಯಾರ ಮನೆ ಬೆಕ್ಕೋ ಇದು" ಅಂತ ತನ್ನ ಬೆಕ್ಕನ್ನೇ ಓಡಿಸಿದ. ಕಥೆ ಚೀಲದ ಹತ್ತಿರ ಬಂದಿತ್ತು, ಕತ್ತರಿ ಕಿವಿಯ ಹತ್ತಿರ ಬಂದಿತ್ತು. ಕೈ ಒಂದು ಕ್ಷಣ ಎಲ್ಲಿಗೋ ಹೋಗಿಬಂತು. ಮೇಷ್ಟ್ರ ಕಿವಿಯಿಂದ ರಕ್ತ. ಹೊಸ ಕತ್ತರಿ, ಹರಿತ ಜಾಸ್ತಿ ಅಂತ ಸುಳ್ಳು ಹೇಳಿ, ರಕ್ತ ನಿಲ್ಲಲಿ ಅಂತ ಪಟಿಕದ ಕಲ್ಲು ಒತ್ತಿದೆ. ಕತ್ತರಿ ಹಳೆಯದೇ.

ಅದಾದ ಮೇಲೆ ಬಾಚಣಿಗೆ ಬೀಳುವುದು, ಕತ್ತರಿ ಗಾಳಿಯಲ್ಲೇ ನಿಂತುಬಿಡುವುದು ಹೆಚ್ಚಾಯಿತು. ಡಾಕ್ಟರು ಒಬ್ಬ ಥೆರಪಿಸ್ಟ್ ಹತ್ತಿರ ಕಳಿಸಿದರು. ಅವರಿಗೆ ನಾನು ಕೈ ಟೀಚರಮ್ಮ ಅಂತ ಹೆಸರಿಟ್ಟಿದ್ದೇನೆ. ಅವರು ತೂತುಗಳಿದ್ದ ಒಂದು ಹಲಗೆ, ಒಂದಿಷ್ಟು ಪುಟ್ಟ ಗೂಟ ಮುಂದಿಟ್ಟರು. ತೂತಿಗೊಂದು ಗೂಟ ಸಿಕ್ಕಿಸಬೇಕು, ಅಷ್ಟೇ. ಚಕಚಕ ಸಿಕ್ಕಿಸಿದೆ. "ಭೇಷ್. ಈಗ ನೂರರಿಂದ ಏಳೇಳು ಕಳೀತಾ, ಬಾಯಲ್ಲಿ ಹೇಳ್ತಾ ಸಿಕ್ಸಿ" ಅಂದರು. ನೂರು, ತೊಂಬತ್ತಮೂರು ಅಂದೆ. ಆಮೇಲೆ ಕೈಯಲ್ಲೊಂದು ಗೂಟ, ಬಾಯಲ್ಲೊಂದು ಎಂಬತ್ತಾರು, ಎರಡೂ ಅಲ್ಲಲ್ಲೇ ನಿಂತವು! ಬಾಯಿ ಹೊರಟರೆ ಕೈ ನಿಲ್ಲುತ್ತೆ, ಕೈ ಹೊರಟರೆ ಬಾಯಿ. "ಲೆಕ್ಕ ಬೇಡ, ತರಕಾರಿ ಹೆಸರು ಹೇಳಿ" ಅಂದರು. ಬದನೆಕಾಯಿ ಅನ್ನುವಷ್ಟರಲ್ಲಿ ಗೂಟ ನೆಲಕ್ಕೆ ಬಿತ್ತು.

"ನಿಮ್ ಕೈಯಲ್ಲಿ ಶಕ್ತಿ ಇದೆ" ಅಂದರು ಟೀಚರಮ್ಮ. "ಆದ್ರೆ ಒಂದೇ ಸಲ ಎರಡು ಕೆಲಸ ಕೊಟ್ರೆ ಮೆದುಳಿಗೆ ದಾರಿ ಸಾಕಾಗಲ್ಲ. ಈ ಕಾಯಿಲೆಯವರಲ್ಲಿ ಎಷ್ಟೋ ಜನಕ್ಕೆ ಹೀಗಾಗುತ್ತೆ. ಒಂದು ಹೊತ್ತಿಗೆ ಒಂದೇ ಕೆಲಸ ಮಾಡಿ." ಅಷ್ಟು ಹೇಳಿ ಅವರು ನನಗೆ ಬಾಗಿಲ ಹಿಂದೆ ಮೊಳೆಗೆ ನೇತುಹಾಕಿದೆ

ನೋಡು, ನೋಡು! ನಿನ್ನ ಭಾವ ಒಳಗಿಂದ "ನನ್ ಕೊಡೆ ಎಲ್ಲೇ?" ಅಂತ ಕೂಗಿದರು. ಉತ್ತರ ಬಾಯಿಗೆ ಹೋಗುವ ಬದಲು ಕಾಗದಕ್ಕೆ ಹೋಯಿತು. ಅವರು ಕೊಡೆ ಇಲ್ಲದೆ ಹೊರಟೂ ಹೋದರು.

ನಗಬೇಡ. ನನ್ನ ಕೈಯೂ ಬಾಯಿಯೂ ಈಗ ಟೂ ಬಿಟ್ಟಿವೆ. ನಾನು ಮಾತು ಬಿಟ್ಟು ಕತ್ತರಿ ಹಿಡಿದವಳೇ ಅಲ್ಲ. ಅಪ್ಪನ ಅಂಗಡಿ ಎಂದರೇ ಮಾತು, ಅಲ್ಲವಾ? ಅವನ ಕತ್ತರಿ ಕಚಕಚ ಅನ್ನುತ್ತಿದ್ದರೆ ಬೆಂಚಿನ ತುಂಬ ಜನ ಬಿದ್ದುಬಿದ್ದು ನಗುತ್ತಿದ್ದರು. ಕೂದಲು ಕತ್ತರಿಸುವವರು ಬೀದಿಗೆ ನಾಲ್ಕು ಜನ ಇದ್ದಾರೆ. ನಮ್ಮಲ್ಲಿಗೆ ಬರುವವರು ಮಾತಿಗೇ ಬರುತ್ತಾರೆ. ಪಕ್ಕದ ಔಷಧಿ ಅಂಗಡಿಯವರು ಗೋಡೆ ಒಡೆದು ಅಂಗಡಿ ದೊಡ್ಡದು ಮಾಡಬೇಕು, ನಿಮ್ಮ ಜಾಗ ಕೊಡಿ ಅಂತ ಬಹಳ ದಿನದಿಂದ ಕೇಳುತ್ತಿದ್ದಾರೆ. ಮೇ ಕೊನೆಗೆ ಹೇಳುತ್ತೇನೆ ಅಂದಿದ್ದೇನೆ. ಇನ್ನೊಂದು ಕಿವಿ ಗೀರಿದರೆ ಅಪ್ಪನ ಕುರ್ಚಿ ಎತ್ತಿಸುವುದೇ ಸರಿ.

ಗಿರಾಕಿಗಳಿಗೆ ಏನೂ ಹೇಳಿಲ್ಲ. ಕೈ ನಂಬಿಕೆಗಿಲ್ಲ ಅನ್ನುವವಳ ಮುಂದೆ ಯಾರು ಕತ್ತು ಒಡ್ಡುತ್ತಾರೆ?

ನಿನ್ನ ಅಕ್ಕ


ಜನವರಿ ೨೭

ಅಕ್ಕಾ,

ನಿನ್ನ ಕಾಗದ ವಾರದ ಜೀಪಿನಲ್ಲಿ, ಸೀಮೆಎಣ್ಣೆ ಡಬ್ಬದ ಪಕ್ಕ ಕೂತು ಬಂತು. ವಾಸನೆ ಹೋಗಲಿ ಅಂತ ಒಂದು ದಿನ ಬಟ್ಟೆ ಒಣಹಾಕುವ ದಾರಕ್ಕೆ ನೇತುಹಾಕಿ ಆಮೇಲೆ ಓದಿದೆ.

ಕೈ ವಿಷಯ ಓದಿ ಸಂಕಟವಾಯಿತು. ಅದನ್ನು ಚೆನ್ನಾಗಿ ಹೇಳಲು ನನಗೆ ಬರುವುದಿಲ್ಲ. ನೀನಾಗಿದ್ದರೆ ಎರಡು ಪುಟ ಅಳುತ್ತಿದ್ದೆ, ಅಷ್ಟು ಅಂತ ತಿಳಿದುಕೋ.

ಎರಡು ಕೆಲಸ ಒಟ್ಟಿಗೆ ನನಗೆ ಹುಟ್ಟಿದಾಗಿನಿಂದ ಬಂದಿಲ್ಲ. ಮಳೆ ಅಳೆಯುವಾಗ ಯಾರಾದರೂ ಕೆಮ್ಮಿದರೂ ನಾನು ಮತ್ತೆ ಮೊದಲಿಂದ ಅಳೆಯುತ್ತೇನೆ. ಯಾರೂ ಅದನ್ನು ಕಾಯಿಲೆ ಅನ್ನಲಿಲ್ಲ, ಗೂಬೆ ಅಂದರು, ಅಷ್ಟೇ. ನೀನು ಹಾಗಲ್ಲ. ಒಂದು ಕೈಯಲ್ಲಿ ನನ್ನ ಮೂಗು ಒರೆಸುತ್ತಾ, ಇನ್ನೊಂದರಲ್ಲಿ ಟವೆಲ್ ಮಡಿಸುತ್ತಾ, ಬೀದಿಯವರ ಜೊತೆ ಜಗಳ ಆಡಿದವಳು.

ಗಿರಾಕಿಗಳಿಗೆ ಹೇಳಿಬಿಡು. ಗುಟ್ಟು ಇಟ್ಟುಕೊಳ್ಳುವುದು ನನಗೆ ಒಗ್ಗುತ್ತದೆ, ನಿನ್ನ ಹೊಟ್ಟೆಯಲ್ಲಿ ಅದು ಅರಗುವುದಿಲ್ಲ.

ಕೊಡೆ ಸಿಕ್ಕಿತೇ?

ತಂಗಿ


ಫೆಬ್ರುವರಿ ೧೯

ಗೂಬೆ ಮಹಾರಾಣಿಯವರಿಗೆ,

ಕೊಡೆ ಸಿಗಲಿಲ್ಲ. ಬಾಗಿಲ ಹಿಂದೆಯೂ ಇರಲಿಲ್ಲ. ಅಷ್ಟು ಕಷ್ಟಪಟ್ಟು ಕಾಗದದಲ್ಲಿ ಬರೆದ ಉತ್ತರವೂ ತಪ್ಪು!

ನಿನ್ನ ಬುದ್ಧಿಮಾತು ಕೇಳಲಿಲ್ಲ, ಟೀಚರಮ್ಮನ ಮಾತು ಕೇಳಿದೆ. ಯಾರಿಗೂ ಏನೂ ಹೇಳದೆ ಬಾಯಿಗೆ ಬೀಗ ಹಾಕಿದೆ. ಬಂದವರಿಗೆ "ಕೂತ್ಕೊಳ್ಳಿ", ಎದ್ದವರಿಗೆ "ಆಯ್ತು", ನಡುವೆ ಉಸಿರಿಲ್ಲ. ಕೈ ಹೇಗೆ ನಡೆಯಿತು ಗೊತ್ತಾ? ಹಳೆಯ ಹಾಗೇ, ಬೆಣ್ಣೆಯಿಂದ ಕೂದಲು ಎಳೆದ ಹಾಗೆ. ಎಷ್ಟು ಖುಷಿಯಾಯಿತೆಂದರೆ ಯಾರಿಗಾದರೂ ಹೇಳೋಣ ಅನ್ನಿಸಿತು. ಹೇಳಿದರೆ ಕೈ ನಿಲ್ಲುತ್ತೆ!

ಆಮೇಲೆ ಶುರುವಾಯಿತು ನೋಡು ತಮಾಷೆ. ನಾನು ಸುಮ್ಮನಿದ್ದದ್ದನ್ನು ಜನ ಹುಟ್ಟಿದಾಗಿನಿಂದ ನೋಡಿಲ್ಲ. ಪ್ರತಿಯೊಬ್ಬರಿಗೂ ನಾನು ತಮ್ಮ ಮೇಲೇ ಸಿಟ್ಟಾಗಿದ್ದೇನೆ ಅಂತ ಅನುಮಾನ. ಮೊದಲು ಬೇಕರಿಯವನು ಕೂತ. ಕನ್ನಡಿಯಲ್ಲಿ ನನ್ನ ಮುಖ ನೋಡುತ್ತಾನೆ, ತನ್ನ ಕೈ ನೋಡಿಕೊಳ್ಳುತ್ತಾನೆ. ಅರ್ಧ ತಲೆ ಆಗುವಷ್ಟರಲ್ಲಿ, "ಅಕ್ಕಾ, ಆ ಬೆಳಗ್ಗಿನ ಬ್ರೆಡ್ಡು ಹಿಂದಿನ ದಿನದ್ದು, ಒಪ್ಕೋತೀನಿ. ನೀವು ಹೀಗಿರ್ಬೇಡಿ, ಭಯ ಆಗುತ್ತೆ" ಅಂದ. ಯಾವ ಬ್ರೆಡ್ಡು? ನಾನು ತಿಂದು ಎಷ್ಟೋ ದಿನ ಆಗಿತ್ತು. ಅಂಚೆಯವನು ನನ್ನ ಒಂದು ಪಾರ್ಸೆಲ್ ಮಳೆಯಲ್ಲಿ ನೆನೆಸಿ ಒಣಗಿಸಿ ಕೊಟ್ಟಿದ್ದನಂತೆ. ಬಟ್ಟೆ ಅಂಗಡಿ ಯಜಮಾನರು ನನ್ನ ಬಗ್ಗೆ "ಆ ಹೆಂಗಸಿನ ಬಾಯಿ ಬೀಗವಿಲ್ಲದ ಬೀರು" ಅಂದಿದ್ದರಂತೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ನಾನು ಕುಂಬಳಕಾಯಿ ಅಂತ ಬಾಯೇ ಬಿಟ್ಟಿಲ್ಲ, ಇಡೀ ಬೀದಿ ಹೆಗಲು ಮುಟ್ಟಿಕೊಂಡಿತು!

ಮೇಷ್ಟ್ರಂತೂ ಟವೆಲ್ ಕೆಳಗಿಂದ ಕೈ ಹೊರತೆಗೆದು ಮುಗಿದೇಬಿಟ್ಟರು. "ತಪ್ಪಾಯ್ತಮ್ಮಾ, ನೀನು ಆಸ್ಪತ್ರೇಲಿದ್ದಾಗ ಒಂದ್ಸಲ ಆ ಸರ್ಕಲ್ಲಿನ ಅಂಗಡೀಲಿ ಕಟಿಂಗ್ ಮಾಡಿಸ್ಕೊಂಡೆ. ಯಾರು ಹೇಳಿದ್ರು ನಿಂಗೆ?" ಅವರ ಕಿವಿ ಹರಿದವಳು ನಾನು, ಕ್ಷಮೆ ಕೇಳುತ್ತಿರುವವರು ಅವರು. ಮನೆಗೆ ಬಂದು ನಿನ್ನ ಭಾವನ ಮುಂದೆ ಹೊಟ್ಟೆ ಹುಣ್ಣಾಗುವ ಹಾಗೆ ನಕ್ಕೆ. ಆಮೇಲೆ ಯಾಕೋ ಅಳು ಬಂತು.

ಯಾಕೆಂದರೆ ತಮಾಷೆ ಬೇಗ ಮುಗಿಯಿತು. ತಪ್ಪೊಪ್ಪಿಕೊಂಡವರು ಮತ್ತೆ ಬರಲಿಲ್ಲ. ಒಂದು ಪುಟ್ಟ ಮಗು ಕುರ್ಚಿಯಲ್ಲಿ ಕೂತು, "ಆಂಟಿ ಬೈಯ್ತಾರೆ" ಅಂತ ಅತ್ತು ಅಮ್ಮನ ಕೊರಳಿಗೆ ಜೋತುಬಿತ್ತು. ನಾನು ಬೈದಿರಲಿಲ್ಲ, ಬೆನ್ನ ಹಿಂದೆ ಸುಮ್ಮನೆ ನಿಂತಿದ್ದೆ. ಬೆಂಚು ಖಾಲಿ. ಔಷಧಿ ಅಂಗಡಿಯವರು ನಿನ್ನೆ ಟೇಪು ಹಿಡಿದು ಗೋಡೆ ಅಳೆದುಕೊಂಡು ಹೋದರು. "ಸುಮ್ನೆ, ಒಂದು ಅಂದಾಜಿಗೆ" ಅಂದರು.

ಮಾತಾಡಿದರೆ ಕೈ ಇಲ್ಲ, ಮಾತು ಬಿಟ್ಟರೆ ಅಂಗಡಿ ಇಲ್ಲ. ಅಪ್ಪ ಅಷ್ಟು ವರ್ಷ ಎರಡನ್ನೂ ಒಟ್ಟಿಗೆ ತೂಗಿಸಿಕೊಂಡು ಹೋದ. ಅವನ ಮಗಳ ಕೈಯಲ್ಲಿ ಆಗಲಿಲ್ಲ. ನನಗೆ ಹೆಚ್ಚು ನೋವಾಗುವುದು ಅದೇ ಕಣೇ. ಕಾಯಿಲೆ ಬಂದದ್ದಲ್ಲ, ಅವನ ಕುರ್ಚಿಗೆ ನಾನು ಸಾಲದೇ ಹೋದದ್ದು.

ನಿನ್ನ ಅಕ್ಕ


ಮಾರ್ಚ್ ೫

ಅಕ್ಕಾ,

ನಿನ್ನ ಕಾಗದದಲ್ಲಿ ಒಂದು ತಪ್ಪಿದೆ. ಎರಡು ಸಲ ಓದಿದೆ, ತಪ್ಪೇ. ಅಪ್ಪ ಮಾತಾಡುತ್ತಿರಲಿಲ್ಲ.

ಸಿಟ್ಟು ಮಾಡಿಕೊಳ್ಳುವ ಮೊದಲು ಪೂರ್ತಿ ಓದು. ನಾನು ಎಲ್ಲಿ ಕೂರುತ್ತಿದ್ದೆ ನೆನಪಿದೆಯಾ? ಕೈ ತೊಳೆಯುವ ತೊಟ್ಟಿಯ ಕೆಳಗೆ, ಟವೆಲ್ ಬುಟ್ಟಿಯ ಪಕ್ಕ. ಅಲ್ಲಿಂದ ಅಪ್ಪನ ಮೊಣಕೈ, ಗಿರಾಕಿಯ ಬೂಟು, ಬೋರಲು ಹಾಕಿದ ಬಕೆಟ್ ಮೇಲೆ ಕೂತ ನಿನ್ನ ಕಾಲು ಕಾಣುತ್ತಿತ್ತು. ನಿನ್ನ ಕಾಲು ಒಂದು ಕ್ಷಣ ಸುಮ್ಮನಿರುತ್ತಿರಲಿಲ್ಲ, ಬಾಯಿಯೂ ಅಷ್ಟೇ. "ಮಾಮಾ, ನಿಮ್ ಮೂಗೊಳಗೆ ಯಾಕೆ ಕೂದಲು?" "ತಾತಾ, ನಿಮ್ ತಲೆ ಹೊಳಿಯೋಕೆ ಏನ್ ಹಚ್ತೀರಾ?" ಬೆಂಚಿನಲ್ಲಿದ್ದವರು ನಗುತ್ತಿದ್ದುದು ಅದಕ್ಕೆ. ಅವರು ನಕ್ಕಾಗ ಅಪ್ಪ ಕತ್ತರಿ ಮೇಲೆತ್ತಿ ಕಾಯುತ್ತಿದ್ದ. ತಲೆ ಅಲ್ಲಾಡುವುದು ನಿಂತ ಮೇಲೆ ಎರಡು ಬೆರಳಲ್ಲಿ ಗಲ್ಲ ಎತ್ತಿ ಮುಂದುವರಿಸುತ್ತಿದ್ದ.

ಯಾರಾದರೂ ಅಪ್ಪನನ್ನೇ ಏನಾದರೂ ಕೇಳಿದರೆ ಅವನು ಏನು ಮಾಡುತ್ತಿದ್ದ ಹೇಳು ನೋಡೋಣ. ಕತ್ತರಿಯನ್ನು ಕನ್ನಡಿಯ ಕೆಳಗಿನ ಹಲಗೆ ಮೇಲೆ ಇಡುತ್ತಿದ್ದ. ಟಕ್ ಅನ್ನುತ್ತಿತ್ತು. ಆಮೇಲೆ ಉತ್ತರ ಕೊಡುತ್ತಿದ್ದ. ಆಮೇಲೆ ಕತ್ತರಿ. ಎರಡೂ ಒಟ್ಟಿಗೆ ಮಾಡಿದ್ದನ್ನು ನಾನು ನೋಡಿಲ್ಲ. ಅವನಿಗೆ ಯಾವ ಕಾಯಿಲೆಯೂ ಇರಲಿಲ್ಲ.

ನಿನಗೆ ರೇಡಿಯೋ ಅಂತ ಯಾಕೆ ಹೆಸರು ಬಂತು? ಅಂಗಡಿಯಲ್ಲಿ ರೇಡಿಯೋ ಇರಲಿಲ್ಲ, ಅಪ್ಪ ಬಾಯಿ ಬಿಡುತ್ತಿರಲಿಲ್ಲ, ಅದಕ್ಕೆ. ನಿನಗೆ ಮೈಯೆಲ್ಲ ದಡಾರ ಎದ್ದು ಮನೆಯಲ್ಲಿ ಮಲಗಿದ್ದಾಗ ಮೇಷ್ಟ್ರು ಬಂದು, "ಏನಪ್ಪಾ, ಇವತ್ತು ರೇಡಿಯೋ ಕೆಟ್ಟಿದ್ಯಾ?" ಅಂದರು. ಅಪ್ಪ ಕತ್ತರಿ ಕೆಳಗಿಟ್ಟು, "ಅವಳಿಲ್ದೆ ನಂಗೂ ಬೇಜಾರು" ಅಂದ. ಅಷ್ಟು ಉದ್ದದ ಮಾತು ಅವನು ಆ ವಾರ ಇನ್ನೊಂದು ಆಡಲಿಲ್ಲ.

ಅಪ್ಪ ಕೈ, ನೀನು ಬಾಯಿ. ಅವನು ಹೋದ ಮೇಲೆ ನೀನು ಎರಡೂ ಆದೆ. ಅವನ ಕುರ್ಚಿಗೆ ಸಾಲದವಳು ಅಲ್ಲ ನೀನು, ಇಷ್ಟು ವರ್ಷ ಇಬ್ಬರ ಕೆಲಸ ಮಾಡಿದವಳು. ಈಗ ಒಬ್ಬರ ಕೆಲಸ ಮಾಡು, ಸಾಕು.

ಇಷ್ಟು ಉದ್ದ ಬರೆದು ನನ್ನ ಕೈಯೇ ನೋಯುತ್ತಿದೆ.

ತಂಗಿ


ಏಪ್ರಿಲ್ ೮

ಗೂಬೆ,

ನಿನ್ನ ಕಾಗದ ಓದಿ ಸಿಟ್ಟು ಬಂತು. ನನ್ನ ಅಪ್ಪನ ಬಗ್ಗೆ ನನಗೇ ಪಾಠ ಹೇಳುತ್ತೀಯಾ ಅಂತ. ಮಡಿಸಿ ಬೀರುವಿನಲ್ಲಿಟ್ಟೆ. ತೆಗೆದೆ, ಓದಿದೆ, ಮತ್ತೆ ಇಟ್ಟೆ. ಕೊನೆಗೆ ತಡೆಯಲಾರದೆ ಮೇಷ್ಟ್ರ ಮನೆಗೇ ಹೋಗಿ, "ನಮ್ಮಪ್ಪ ಅಂಗಡೀಲಿ ಮಾತಾಡ್ತಿದ್ನಾ?" ಅಂತ ಕೇಳಿದೆ.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. "ನಿಮ್ಮಪ್ಪನಾ? ಅವನ ಬಾಯಿಂದ 'ಹೂಂ' ಬರ್ಬೇಕಾದ್ರೆ ಹಬೆ ಎಂಜಿನ್ ಹೊರಡೋಷ್ಟು ಹೊತ್ತಾಗ್ತಿತ್ತು. ಮಾತೆಲ್ಲ ನಿಂದೇ ಅಲ್ವೇನಮ್ಮಾ."

ಅಲ್ಲೇ ಅವರ ಜಗಲಿಯಲ್ಲಿ ಕೂತು ಎಲ್ಲ ಹೇಳಿಬಿಟ್ಟೆ. ಕಾಯಿಲೆ, ಹಲಗೆ, ಗೂಟ, ಬದನೆಕಾಯಿ, ಹೊಸ ಕತ್ತರಿ ಅಂತ ಹೇಳಿದ ಸುಳ್ಳು. ಅವರು ಕಿವಿಯ ಗಾಯದ ಗುರುತು ಮುಟ್ಟಿ ನೋಡಿಕೊಂಡು, "ಕಿವಿ ನಂದು, ಕತ್ತರಿ ನಿಂದು. ಮಧ್ಯೆ ಗುಟ್ಟು ಯಾತಕ್ಕಮ್ಮಾ? ಹೇಳಿದ್ರೆ ನಾನು ಬಾಯಿ ಮುಚ್ಕೊಂಡು ಕೂರ್ತಿದ್ದೆ" ಅಂದರು. ಆಮೇಲೆ, "ಆ ಬೆಕ್ಕಿನ ಕಥೆ ಅರ್ಧಕ್ಕೇ ನಿಂತಿದೆ. ಚೀಲಕ್ಕೆ ಬಿತ್ತು, ಮುಂದೆ?" ಎಲಾ ಮುದುಕರೇ! ರಕ್ತ ಸುರಿಯುವಾಗಲೂ ಅವರ ತಲೆಯಲ್ಲಿ ಬೆಕ್ಕೇ ಇತ್ತಂತೆ.

ಮನೆಗೆ ಬಂದು ನಿನ್ನ ಭಾವನಿಗೆ, ಇನ್ನು ಎಲ್ಲರಿಗೂ ಹೇಳಿಬಿಡಬೇಕು ಅಂದೆ, ಆದರೆ ಒಬ್ಬೊಬ್ಬರಿಗೂ ಹೇಗೆ ಹೇಳಲಿ, ನಾಚಿಕೆ ಅಂದೆ. ಅವರು ಊಟದ ತಟ್ಟೆಯಿಂದ ತಲೆ ಎತ್ತಿದರು. "ನೋಡೇ, ಬಸ್ಸಲ್ಲಿ ಅಷ್ಟು ಜನರ ಪ್ರಾಣ ನನ್ ಕೈಲಿರುತ್ತೆ. ನಾನು ಯಾರ ಹತ್ರನೂ ಮಾತಾಡಲ್ಲ. ಇವನ ಕೈಲಾಗಲ್ಲ ಅಂತ ಯಾರಾದ್ರೂ ಅಂದಿದ್ದಾರಾ?" ಮಾರನೇ ದಿನ ಡಿಪೋದಲ್ಲಿ ಗುಜರಿಗೆ ಹಾಕಿದ್ದ ಬಸ್ಸಿನಿಂದ ಒಂದು ತಗಡಿನ ಬೋರ್ಡು ಕೇಳಿ ಬಿಚ್ಚಿಸಿಕೊಂಡು ಬಂದು ಕನ್ನಡಿಯ ಮೇಲ್ಗಡೆ ಗೋಡೆಗೆ ಮೊಳೆ ಹೊಡೆದು ಹಾಕಿದರು: ವಾಹನ ಚಲಿಸುವಾಗ ಚಾಲಕರೊಡನೆ ಮಾತನಾಡಬೇಡಿ.

ಬೋರ್ಡು ನೋಡಿದವರೆಲ್ಲ ನಗುತ್ತಾರೆ, "ಈ ಬಸ್ಸು ಎಲ್ಲಿಗೆ ಹೋಗುತ್ತಕ್ಕಾ?" ಅಂತ ಕೇಳುತ್ತಾರೆ. ನಗು ಮುಗಿಯುವುದರೊಳಗೆ ನಾನು ವಿಷಯ ಹೇಳಿಬಿಡುತ್ತೇನೆ. ಹೀಗೊಂದು ಕಾಯಿಲೆ, ಕತ್ತರಿ ನಡೆಯುವಾಗ ಮಾತಿಲ್ಲ, ಮಾತು ನಡೆಯುವಾಗ ಕತ್ತರಿ ಇಲ್ಲ, ಒಪ್ಪಿಗೆಯಿದ್ದರೆ ಕೂರಿ. ಬೇಕರಿಯವನು ಕೂತ. ಅಂಚೆಯವನು ಕೂತ. ಬಟ್ಟೆ ಅಂಗಡಿ ಯಜಮಾನರು ಮಾತ್ರ ಗಡಿಯಾರ ನೋಡಿಕೊಂಡು, ಈಗ ಸ್ವಲ್ಪ ಕೆಲಸ ಇದೆ ಅಂತ ಹೋದವರು ಹೋದರು. ಆಮೇಲೊಂದು ದಿನ ಸರ್ಕಲ್ಲಿನ ಅಂಗಡಿಯಿಂದ ಅವರು ಹೊರಬರುತ್ತಿದ್ದುದನ್ನು ನೋಡಿದೆ. ನನ್ನನ್ನು ಕಂಡು ಅವರು ಕೂದಲ ಮೇಲೆ ಕೈ ಇಟ್ಟುಕೊಂಡರು. ಬೇಜಾರಾಯಿತು, ಆಗಲಿಲ್ಲ ಅಂತ ಯಾಕೆ ಸುಳ್ಳು ಹೇಳಲಿ. ಗಡ್ಡ ಕೆರೆಯುವ ಕೆಲಸವನ್ನು ನಾನೇ ಬಿಟ್ಟಿದ್ದೇನೆ. ಅಷ್ಟು ಧೈರ್ಯ ನನಗೇ ಇಲ್ಲ.

ಈಗ ಅಂಗಡಿ ಹೇಗೆ ನಡೆಯುತ್ತೆ ಗೊತ್ತಾ? ಅಪ್ಪನ ಹಾಗೆ. ಕತ್ತರಿ ಹಲಗೆ ಮೇಲಿಟ್ಟು, ಬೆಕ್ಕು ಚೀಲದ ಬಾಯಿಗೆ ಬಂತು ಅನ್ನುತ್ತೇನೆ. ಅಲ್ಲಿಗೆ ನಿಲ್ಲಿಸಿ ಕತ್ತರಿ ಎತ್ತುತ್ತೇನೆ. ಬಲಗಡೆ ಪೂರ್ತಿ ಆಗುವವರೆಗೆ ಬೆಂಚಿನವರು ಉಸಿರು ಬಿಗಿಹಿಡಿದು ಕೂರುತ್ತಾರೆ. ಕಟಿಂಗ್ ಆದವರೂ ಎದ್ದು ಹೋಗುವುದಿಲ್ಲ, ಕಥೆ ಬಾಕಿ ಇದೆಯಲ್ಲ! ಮೇಷ್ಟ್ರು ದಿನಾ ಬಂದು ಬೆಂಚಿನ ತುದಿ ಹಿಡಿದಿದ್ದಾರೆ. ಕತ್ತರಿ ನಡೆಯುವಾಗ ಯಾರಾದರೂ ನನ್ನನ್ನು ಮಾತಿಗೆಳೆದರೆ ಕೋಲು ಕುಟ್ಟಿ ಬೋರ್ಡು ತೋರಿಸುತ್ತಾರೆ. ಕೆಲಸ ನಿಧಾನ, ಮಧ್ಯಾಹ್ನದ ಸೆಖೆಗೆ ಕೈ ಭಾರವಾಗುತ್ತೆ, ಆಗ ಬಾಗಿಲು ಹಾಕುತ್ತೇನೆ. ಟೀಚರಮ್ಮ ಬಂದು ನೋಡಿ ನಕ್ಕರು. "ಅಭ್ಯಾಸ ಮಾಡೋಣ, ಸ್ವಲ್ಪ ಸುಧಾರಿಸಬಹುದು. ಮಾತು ಕೊಡಲ್ಲ" ಅಂದರು. ನನಗೆ ಅಷ್ಟು ಸಾಕು.

ಎಲ್ಲ ಸರಿ. ಆದರೂ ಔಷಧಿ ಅಂಗಡಿಯವರಿಗೆ ಇಲ್ಲ ಅನ್ನಲು ಬಾಯಿ ಬರುತ್ತಿಲ್ಲ. ಕುರ್ಚಿಯಲ್ಲಿ ಕೂತವರ ಮುಖ ಕನ್ನಡಿಯಲ್ಲಿ ನೋಡುತ್ತೇನೆ. ಇವರು ನನ್ನ ಕೈ ನಂಬಿ ಕೂತಿದ್ದಾರಾ, ಅಯ್ಯೋ ಪಾಪ ಅಂತ ಕೂತಿದ್ದಾರಾ? ಪಾಪ ಅನ್ನುವವರನ್ನು ನೆಚ್ಚಿಕೊಂಡು ಅಂಗಡಿ ಇಟ್ಟುಕೊಳ್ಳಲಾರೆ. ಕೆಟ್ಟಿದ್ದರೆ ಕೆಟ್ಟಿದೆ ಅನ್ನುವ ಒಂದು ತಲೆ ಬೇಕು ನನಗೆ. ಎಲ್ಲಿಂದ ತರಲಿ?

ನಿನ್ನ ಅಕ್ಕ


ಏಪ್ರಿಲ್ ೨೬

ಅಕ್ಕಾ,

ಮೇ ೨೪ರ ಬೆಳಗ್ಗೆ ಬರುತ್ತೇನೆ. ರಜೆ ಸಿಕ್ಕಿದೆ. ಕುರ್ಚಿ ಖಾಲಿ ಇಟ್ಟಿರು.

ನನಗೆ ಆರು ವರ್ಷವಿದ್ದಾಗ ನೀನು ಬೀದಿಯ ಯಾರ ಜೊತೆಗೋ ಹರಟುತ್ತಾ ನನ್ನ ಮುಂಗೂದಲನ್ನು ಬುಡದವರೆಗೆ ಕತ್ತರಿಸಿದೆ. ನಿನಗಾಗ ಯಾವ ಕಾಯಿಲೆಯೂ ಇರಲಿಲ್ಲ, ಬಾಯಿ ಮಾತ್ರ ಇತ್ತು. ಶಾಲೆಯ ಫೋಟೋದಲ್ಲಿ ನಾನು ಇಂದಿಗೂ ಕೋಳಿಮರಿಯ ಹಾಗೆ ಇದ್ದೇನೆ. ಅವತ್ತಿನಿಂದ ನಿನ್ನ ಕೈಗೆ ತಲೆ ಕೊಟ್ಟಿಲ್ಲ, ಯಾರ ಕೈಗೂ ಕೊಟ್ಟಿಲ್ಲ. ಕೂದಲು ಸೊಂಟದವರೆಗೆ ಬಂದಿದೆ. ಇಲ್ಲಿಯ ಗಾಳಿಗೆ ಅದು ದಿನಾ ಗಂಟು.

ಕಿವಿಯ ಕೆಳಗೆ ಒಂದೇ ಮಟ್ಟಕ್ಕೆ ಕತ್ತರಿಸು. ನಾನು ಪಾಪ ಅನ್ನುವವಳಲ್ಲ, ನಿನಗೆ ಗೊತ್ತು. ಸೊಟ್ಟವಾದರೆ ಸೊಟ್ಟ ಅನ್ನುತ್ತೇನೆ. ಔಷಧಿ ಅಂಗಡಿಯವರಿಗೆ ಅಲ್ಲಿಯವರೆಗೆ ಏನೂ ಹೇಳಬೇಡ.

ತಂಗಿ


ಜೂನ್ ೨

ಅಕ್ಕಾ,

ಬೆಟ್ಟ ತಲುಪಿ ವಾರವಾಯಿತು. ನನ್ನನ್ನು ನೋಡಿ ಇಲ್ಲಿಯ ಅಡುಗೆಯವರು ಹೊಸಬರು ಯಾರೋ ಬಂದರು ಅಂತ ಕುರ್ಚಿ ಹಾಕಿದರು.

ಅವತ್ತು ಕಟಿಂಗ್ ಆದ ಮೇಲೆ ನಾನು ಏನೂ ಹೇಳದೆ ಎದ್ದು ಹೊರಗೆ ಹೋಗಿಬಿಟ್ಟೆ. ನೀನು ಏನೋ ತಪ್ಪಾಯಿತು ಅಂತ ಬಾಗಿಲಲ್ಲೇ ನಿಂತಿದ್ದೆ. ಆಮೇಲೆ ಬಸ್ಸಿಗೆ ಹೊತ್ತಾಯಿತು. ಬಾಯಿ ಬಿಟ್ಟು ಹೇಳಲು ನನಗೆ ಬರುವುದಿಲ್ಲ, ಅದಕ್ಕೇ ಬರೆಯುತ್ತೇನೆ.

ನೀನು ಬಟ್ಟೆ ಹೊದಿಸಿ ಕುತ್ತಿಗೆಯ ಹಿಂದೆ ಗಂಟು ಹಾಕಿದಾಗ ನಿನ್ನ ಬೆರಳು ತಣ್ಣಗಿತ್ತು. ಭಯ ನಿನಗೂ ಇತ್ತು, ನನಗೂ ಇತ್ತು. ಮೇಷ್ಟ್ರು ಬೆಂಚಿನಲ್ಲಿ ಕೋಲು ಮಡಿಲಲ್ಲಿಟ್ಟುಕೊಂಡು ಕೂತಿದ್ದರು. ನೀನು ಕತ್ತರಿ ಎತ್ತಿದೆ. ಹುಟ್ಟಿದಾಗಿನಿಂದ ಮೊದಲ ಸಲ ನಾವಿಬ್ಬರೂ ಒಂದೇ ಕೋಣೆಯಲ್ಲಿ ಅಷ್ಟು ಹೊತ್ತು ಸುಮ್ಮನಿದ್ದೆವು.

ಆಗ ಕೇಳಿಸಿತು. ಕಚ್, ಕಚ್, ಆಮೇಲೆ ಗಾಳಿಯಲ್ಲಿ ಒಂದು ಖಾಲಿ ಕಚ್. ಮತ್ತೆ ಕೂದಲಲ್ಲಿ ಎರಡು, ಗಾಳಿಯಲ್ಲಿ ಒಂದು. ಅಕ್ಕಾ, ಅದು ಅಪ್ಪನ ಕತ್ತರಿ. ತೊಟ್ಟಿಯ ಕೆಳಗೆ ಕೂತು ನಾನು ಕೇಳುತ್ತಿದ್ದ ಶಬ್ದ ಅದೇ. ಅವನು ಹೋದ ಮೇಲೆ ಆ ಶಬ್ದವೂ ಹೋಯಿತು ಅಂದುಕೊಂಡಿದ್ದೆ. ಅದು ಇಷ್ಟು ವರ್ಷ ನಿನ್ನ ಕೈಯಲ್ಲೇ ಇತ್ತು, ನಿನ್ನ ಮಾತಿನ ಗಲಾಟೆಯಲ್ಲಿ ನನಗೆ ಕೇಳಿಸಿರಲಿಲ್ಲ. ಪ್ರಾಯಶಃ ನಿನಗೂ ಕೇಳಿಸಿಲ್ಲ. ಕನ್ನಡಿಯಲ್ಲಿ ನೋಡಿದೆ, ಮೇಷ್ಟ್ರು ಕಣ್ಣು ಮುಚ್ಚಿಕೊಂಡಿದ್ದರು. ಅವರು ನಿದ್ದೆ ಮಾಡುತ್ತಿರಲಿಲ್ಲ.

ನೀನು ಎರಡು ಬೆರಳಲ್ಲಿ ನನ್ನ ಗಲ್ಲ ಎತ್ತಿದಾಗ ನನಗೆ ತಡೆಯಲಾಗಲಿಲ್ಲ. ಅದಕ್ಕೇ ಮುಗಿದ ಕೂಡಲೇ ಹೊರಗೆ ಹೋದೆ. ಗೂಬೆಗಳೂ ಅಳುತ್ತವೆ, ಆದರೆ ಬೀದಿಯವರ ಎದುರು ಅಲ್ಲ.

ಇನ್ನು ಕಟಿಂಗ್ ವಿಷಯ. ಪಾಪ ಅನ್ನುವುದಿಲ್ಲ ಅಂದಿದ್ದೆನಲ್ಲ. ಇಲ್ಲಿಗೆ ಬಂದ ಮೇಲೆ ಅಳತೆಪಟ್ಟಿ ಇಟ್ಟು ನೋಡಿದೆ. ಎಡಗಡೆ ಕೂದಲೆಳೆಯಷ್ಟು ಉದ್ದ. ಮಿಕ್ಕಂತೆ ಅಪ್ಪನ ಕೆಲಸ.

ಬಾಗಿಲು ಹಾಕಬೇಡ ಅಕ್ಕಾ.

ತಂಗಿ


ಜೂನ್ ೧೫

ಗೂಬೆ,

ಮೇ ಕೊನೆಗೆ ಅಂದವಳು ನಿನ್ನ ಕಾಗದ ಬರುವವರೆಗೆ ಕಾಯಿಸಿ, ಔಷಧಿ ಅಂಗಡಿಯವರಿಗೆ ಆಗಲ್ಲ ಅಂದೆ. ಅವರು ಬೇಜಾರು ಮಾಡಿಕೊಂಡರು, ಆಮೇಲೆ ಬಂದಿದ್ದೇ ಬಂದೆ ಅಂತ ಕಟಿಂಗಿಗೆ ಕೂತರು. ಅವರ ತಲೆ ಮಾಡುವಾಗ ಕಿವಿಗೊಟ್ಟು ಕೇಳಿದೆ. ಎರಡು ಕೂದಲಲ್ಲಿ, ಒಂದು ಗಾಳಿಯಲ್ಲಿ. ಹೌದು ಕಣೇ, ಹೌದು. ಅರ್ಧಕ್ಕೇ ಕತ್ತರಿ ಕೆಳಗಿಟ್ಟೆ. ಅವರು ಗಾಬರಿಯಾಗಿ "ಏನಾಯ್ತಮ್ಮಾ?" ಅಂದರು. "ಏನಿಲ್ಲ, ನಮ್ಮಪ್ಪ ಬಂದಿದ್ರು" ಅಂದೆ. ಅವರು ಬಾಗಿಲ ಕಡೆ ತಿರುಗಿ ನೋಡಿದರು!

ನಿನ್ನ ಎಡಗಡೆ ಸರಿ ಮಾಡಬೇಕು. ಬೇಗ ಬಾ. ಆ ಒಂದು ಎಳೆ ನನ್ನ ನಿದ್ದೆ ಕೆಡಿಸಿದೆ.

ಹೇಳುವುದು ಇನ್ನೂ ಬೇಕಾದಷ್ಟಿದೆ, ಕೊಡೆ ಸಿಕ್ಕಿದ ಕಥೆಯೇ ಒಂದು ಪುಟವಾಗುತ್ತೆ. ಅದು ಬಸ್ಸಿನಲ್ಲಿ, ಅವರ ಸೀಟಿನ ಕೆಳಗೇ ಇತ್ತು. ಆದರೆ ಬೆಂಚು ತುಂಬಿದೆ, ಆ ಅಳುಮುಂಜಿ ಮಗು ಬಂದು ತಾನಾಗಿ ಕುರ್ಚಿ ಹತ್ತಿ ಕೂತಿದೆ, ನನ್ನನ್ನು ಏನೋ ಕೇಳುತ್ತಿದೆ.

ಪೆನ್ನು ಕೆಳಗಿಡುತ್ತೇನೆ.

ಅಕ್ಕ